ಖಾತ್ರಿ ಹಿಮದ ಊರು

ಡಿಸೆಂಬರ್ ಮೊದಲ ವಾರದಲ್ಲಿ ಸ್ವಿಟ್ಜರ್ಲೆಂಡಿನ ಯಾವ ಊರಿನಲ್ಲಿ ಹಿಮ ಇರುತ್ತದೆ, ಯಾವ ಊರಿನಲ್ಲಿ ಬರೀ ಹುಲ್ಲಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ನಿದ್ದೆಗಣ್ಣಿನಲ್ಲಿ ಹೇಳಬಲ್ಲೆ. ಹಾಗಂತ ನಾನು ಸ್ಕೀಯಿಂಗ್ ಮಾಡಿದವನಲ್ಲ, ಮಾಡುವ ಆಸೆಯೂ ಇರಲಿಲ್ಲ. ನೈರೋಬಿಯ ಲ್ಯಾವಿಂಗ್ಟನ್ನಿನಲ್ಲಿ, ಎರಡನೇ ಮಹಡಿಯ ಫ್ಲಾಟಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪಕ್ಕದಲ್ಲಿ ಹನ್ನೆರಡು ವರ್ಷದ ಮಗಳನ್ನು ಕೂರಿಸಿಕೊಂಡು ಕಲಿತ ವಿದ್ಯೆ ಅದು. ಒಂದೇ ಒಂದು ವಾರಾಂತ್ಯಕ್ಕೆ ಉಪಯೋಗಕ್ಕೆ ಬಂತು.

ನಾನು ಆಗ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಬೆಂಗಳೂರಿನ ಕಂಪನಿ ಎರಡು ವರ್ಷಕ್ಕೆಂದು ಕಳಿಸಿದ್ದು ಎಂಟು ವರ್ಷವಾಗಿತ್ತು. ಹೆಂಡತಿ ಮೊದಲು ಬರೀ ನನ್ನ ಹಿಂದೆ ಬಂದವಳು. ಬಂದ ಮೇಲೆ ನೈರೋಬಿಯ ರುಂಡಾ ಬಡಾವಣೆಯ ಪಕ್ಕದ ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ ಹಿಡಿದು, ನೋಡನೋಡುತ್ತ ನನಗಿಂತ ಮೇಲೇರಿದಳು. ಆ ವರ್ಷದ ಜನವರಿಯಲ್ಲಿ ಅವಳನ್ನು ಒಂದು ವರ್ಷದ ಮಟ್ಟಿಗೆ ಜಿನೀವಾ ಕಚೇರಿಗೆ ಕರೆಸಿಕೊಂಡಿದ್ದರು. ವರ್ಷ ಮುಗಿಯುತ್ತ ಬಂದಾಗ, ಇನ್ನೂ ಮೂರು ವರ್ಷ ಇಲ್ಲೇ ಇರಿ ಎಂದರು. ಇರುತ್ತಾಳೋ ನೈರೋಬಿಗೆ ವಾಪಸ್ ಬರುತ್ತಾಳೋ ಎಂದು ಡಿಸೆಂಬರಿನ ಒಂದು ಸೋಮವಾರ ಅವಳು ಉತ್ತರ ಕೊಡಬೇಕಿತ್ತು.

ಆ ಸೋಮವಾರದ ಹಿಂದಿನ ವಾರಾಂತ್ಯಕ್ಕೆ ನಾನೂ ಮಗಳೂ ಅಲ್ಲಿಗೆ ಹೋಗುವುದೆಂದಾಯಿತು. "ಫೋನಲ್ಲಿ ಇದೆಲ್ಲ ಆಗಲ್ಲ ಕಣ್ರೀ, ಎದುರಿಗೆ ಕೂತು ಮಾತಾಡೋಣ," ಎಂದಳು. ಜಿನೀವಾದಲ್ಲಿ ಅವಳಿಗಿದ್ದದ್ದು ಒಂದೇ ಕೋಣೆಯ ಮನೆ, ಅಲ್ಲಿ ಮೂರು ಜನ ಎರಡು ದಿನ ಕೂರಲಾಗದು. ಎಲ್ಲಾದರೂ ಬೆಟ್ಟದ ಕಡೆ ಹೋದರೆ ಮಗುವಿಗೂ ಹಿಮ ತೋರಿಸಿದಂತಾಗುತ್ತದೆ ಎಂಬುದು ಅವಳ ಯೋಚನೆ. ಯಾವ ಊರಿಗೆ ಹೋಗೋಣ ಎಂದು ಕೇಳಿದೆ.

"ನಿಮ್ಮಿಷ್ಟ," ಎಂದಳು.

ಈ ಮಾತಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮನೆಯಲ್ಲಿ ಅದು ಮರ್ಯಾದೆಯ ಮಾತು. ಮೈಸೂರಿನಲ್ಲಿ ನಾನು ಅವಳನ್ನು ನೋಡಲು ಹೋದ ದಿನ, ಹುಡುಗಿ ಹೇಗಪ್ಪ ಎಂದು ನನ್ನ ತಾಯಿ ಕೇಳಿದಾಗ ನಾನು "ನಿನ್ನಿಷ್ಟ ಅಮ್ಮ" ಎಂದಿದ್ದೆ. ಅವಳ ತಂದೆ ಅಡುಗೆಮನೆಗೆ ಹೋಗಿ ಅವಳನ್ನು ಕೇಳಿದಾಗ ಅವಳೂ ಅದನ್ನೇ ಅಂದಳಂತೆ. ಇಬ್ಬರ ಮನಸ್ಸಿನಲ್ಲೂ ಒಪ್ಪಿಗೆ ಇತ್ತು, ಅದು ಬೇರೆ ವಿಷಯ. ನೈರೋಬಿಗೆ ಹೋಗೋಣವಾ ಎಂದಾಗ ಅವಳು ನಿಮ್ಮಿಷ್ಟ ಎಂದಳು. ಜಿನೀವಾಕ್ಕೆ ಕರೀತಿದಾರೆ ಎಂದು ಅವಳು ಹೇಳಿದಾಗ ನಾನು ನಿನ್ನಿಷ್ಟ ಎಂದೆ. ನಮ್ಮ ಆಸೆಯನ್ನು ಎದುರಿನವರ ತಲೆಗೆ ಕಟ್ಟಬಾರದು, ಅವರ ದಾರಿಗೆ ಅಡ್ಡ ನಿಲ್ಲಬಾರದು, ಅಷ್ಟೇ ಅದರ ಅರ್ಥ. ದನಿ ಎತ್ತದೆ ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೇವೆ ಎಂದು ನಾನು ಒಳಗೊಳಗೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಮಗಳಿಗೆ ಮಾತ್ರ ಈ ಮಾತು ಕಂಡರೆ ಆಗುತ್ತಿರಲಿಲ್ಲ. ನಾಲ್ಕು ವರ್ಷದವಳಿದ್ದಾಗ ನೈರೋಬಿಗೆ ಬಂದವಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತಿತ್ತು. ಅದೂ ಸುತ್ತಿ ಬಳಸಿ ಅಲ್ಲ. ದೋಸೆ ಮಾಡಲೋ ಚಪಾತಿ ಮಾಡಲೋ ಎಂದರೆ ಪ್ರಶ್ನೆ ಮುಗಿಯುವುದರೊಳಗೆ ದೋಸೆ ಎಂದಿರುತ್ತಿದ್ದಳು. ನಾವಿಬ್ಬರೂ ನಿಮ್ಮಿಷ್ಟ, ನಿನ್ನಿಷ್ಟ ಎಂದು ಶುರು ಹಚ್ಚಿಕೊಂಡರೆ ಕಣ್ಣು ಮೇಲೆ ಮಾಡಿ, "ದಟ್ಸ್ ನಾಟ್ ಆನ್ ಆನ್ಸರ್," ಎನ್ನುತ್ತಿದ್ದಳು. ಇವಳು ಯಾರ ಹಾಗೆ ಹುಟ್ಟಿದಳೋ ಎಂದು ನಾವು ನಗುತ್ತಿದ್ದೆವು.

ಊರು ಆರಿಸುವ ವಿಷಯದಲ್ಲಿ ಹೆಂಡತಿ ನಿಮ್ಮಿಷ್ಟ ಎಂದದ್ದು ನನಗೆ ಹಿತವಾಗಿಯೇ ಇತ್ತು. ಯಾಕೆಂದರೆ ಆರಿಸುವುದರಲ್ಲಿ ನಾನು ಹೆಸರು ಮಾಡಿದವನು. ನೈರೋಬಿಯ ಕನ್ನಡದವರ ಮನೆಗೆ ಊರಿನಿಂದ ನೆಂಟರು ಬಂದರೆ ಮೊದಲು ಫೋನ್ ಬರುತ್ತಿದ್ದದ್ದು ನನಗೆ. ಯಾವ ತಿಂಗಳು ಯಾವ ಕಾಡಿಗೆ ಹೋಗಬೇಕು, ಯಾವ ಕ್ಯಾಂಪಿನಲ್ಲಿ ಉಳಿಯಬೇಕು, ಯಾವ ಗೇಟಿನಿಂದ ಒಳಗೆ ನುಗ್ಗಬೇಕು, ಎಲ್ಲ ನನ್ನ ಬಾಯಲ್ಲೇ ಇತ್ತು. ನನ್ನ ಮಾತು ಕೇಳಿ ಸಫಾರಿಗೆ ಹೋದವರು ಸಿಂಹ ನೋಡದೆ ವಾಪಸ್ ಬಂದದ್ದಿಲ್ಲ. ದೂರ ಎಷ್ಟು, ರಸ್ತೆ ಹೇಗೆ, ಅದೆಲ್ಲ ನನ್ನ ಲೆಕ್ಕಕ್ಕಿಲ್ಲ. ಅರ್ಧ ದಿನ ಧೂಳು ಕುಡಿದುಕೊಂಡು ಹೋದರೂ ಸರಿಯೇ, ಸಿಂಹ ಖಾತ್ರಿ ಇರಬೇಕು. ಆ ತಲೆಯನ್ನೇ ಸ್ವಿಟ್ಜರ್ಲೆಂಡಿಗೂ ಓಡಿಸಿದೆ.

ಬ್ಯಾಂಕಿನಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಒಬ್ಬ ಡಚ್ಚಿನವನಿದ್ದ, ಚಿಕ್ಕಂದಿನಿಂದ ಸ್ಕೀ ಮಾಡಿದವನು. "ಈಗಲೇ ಯಾಕೆ ತಲೆ ಕೆಡಿಸ್ಕೊಳ್ತೀಯ? ಹೊರಡೋ ಹಿಂದಿನ ದಿನ ಅಲ್ಲಿನ ಊರುಗಳ ವೆಬ್‌ಕ್ಯಾಮ್ ನೋಡು, ಎಲ್ಲಿ ಬಿಳಿ ಕಾಣುತ್ತೋ ಅಲ್ಲಿಗೆ ಹೋಗು," ಎಂದ. ಅವನ ಪಾಸ್‌ಪೋರ್ಟಿಗೆ ಅದು ಸರಿ. ನಮ್ಮದಕ್ಕೆ ವೀಸಾ ಬೇಕು, ವೀಸಾಕ್ಕೆ ಹೋಟೆಲ್ ಬುಕಿಂಗ್ ತೋರಿಸಬೇಕು. ಅಂದರೆ ಅಕ್ಟೋಬರಿನಲ್ಲಿ, ನೈರೋಬಿಯ ಬೀದಿಗಳಲ್ಲಿ ಜಕರಾಂಡಾ ಹೂ ಉದುರುತ್ತಿರುವಾಗಲೇ, ಡಿಸೆಂಬರಿನ ಹಿಮ ಎಲ್ಲಿ ಬೀಳುತ್ತದೆಂದು ನಾವು ಕಣಿ ಹೇಳಬೇಕು. ಆಮೇಲೆ ಊರು ಬದಲಾಯಿಸಬಹುದಿತ್ತೇನೋ. ಆದರೆ ವೀಸಾದವರಿಗೆ ತೋರಿಸಿದ ಊರು ಬಿಟ್ಟು ಇನ್ನೊಂದು ಊರಿಗೆ ಹೋಗುವ ಧೈರ್ಯ ನಮ್ಮಂಥವರಿಗೆ ಎಲ್ಲಿಂದ ಬರಬೇಕು.

ಸಂಜೆ ಊಟವಾದ ಮೇಲೆ ನಾನೂ ಮಗಳೂ ಕೂತು ಒಂದೊಂದೇ ಊರಿನ ವೆಬ್‌ಕ್ಯಾಮ್ ತೆರೆಯುತ್ತಿದ್ದೆವು. ಕರೆಂಟ್ ಹೋಗುತ್ತಿತ್ತು, ಕೆಳಗೆ ಗೇಟಿನ ಕಾವಲಿನ ಆಸ್ಕಾರಿ ಜನರೇಟರ್ ಹಾಕುತ್ತಿದ್ದ, ಮತ್ತೆ ಇಂಟರ್‌ನೆಟ್ ಬರುವವರೆಗೆ ಕಾಯುತ್ತಿದ್ದೆವು. ಪರದೆಯ ಮೇಲೆ ಬೆಟ್ಟ ಬರುತ್ತಿತ್ತು, ಬೆಟ್ಟದ ಮೇಲೆ ಹುಲ್ಲು, ಹುಲ್ಲಿನಲ್ಲಿ ಹಸು. ಯಾವ ಜಾಹೀರಾತಿನಲ್ಲೂ ಇಲ್ಲದ ಹಸುಗಳು. ಅವು ಅಲ್ಲಾಡುತ್ತಿರಲಿಲ್ಲ, ಚಿತ್ರವೇ ಎಷ್ಟೋ ಹೊತ್ತಿಗೊಮ್ಮೆ ಬದಲಾಗುತ್ತಿತ್ತು. ಮಗಳು ಅವುಗಳಿಗೆ ಹೆಸರಿಟ್ಟಿದ್ದಳು.

ಕೊನೆಗೆ ಎರಡು ಊರು ಉಳಿದವು. ಒಂದು ಜಿನೀವಾದಿಂದ ಒಂದೂವರೆ ಗಂಟೆಯ ಹಳ್ಳಿ. ಅದರ ಹೆಸರು ಸರಿಯಾಗಿ ಹೇಳಲು ನನಗೆ ಕೊನೆಯವರೆಗೂ ಬರಲಿಲ್ಲ. ಬಿಸಿಲು ಚೆನ್ನಾಗಿ ಬೀಳುವ ಇಳಿಜಾರು, ಐಸ್ ಮೇಲೆ ಜಾರುವ ಅಂಗಳ, ಮಕ್ಕಳು ಕೂತು ಜಾರುವ ಚಕ್ರವಿಲ್ಲದ ಬಂಡಿ, ಒಂದು ಕೇಕಿನ ಅಂಗಡಿ. ಡಿಸೆಂಬರ್ ಶುರುವಿನಲ್ಲಿ ಅಲ್ಲಿ ಹಿಮ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಇನ್ನೊಂದು ಜರ್ಮಾಟ್. ಅಲ್ಲಿ ಮೇಲೆ ಹಿಮನದಿ ಇದೆ, ವರ್ಷವಿಡೀ ಸ್ಕೀ ಮಾಡುತ್ತಾರೆ, ಖಾತ್ರಿ ಹಿಮ. ಆದರೆ ಜಿನೀವಾದಿಂದ ರೈಲಿನಲ್ಲಿ ಹತ್ತಿರ ಹತ್ತಿರ ನಾಲ್ಕು ಗಂಟೆ. ಎತ್ತರ ನೋಡಿ ನಮಗೆ ನಗು ಬಂತು. ಎರಡೂ ಊರು ನಮ್ಮ ಲ್ಯಾವಿಂಗ್ಟನ್ನಿಗಿಂತ ತಗ್ಗಿನಲ್ಲಿದ್ದವು.

"ಐ ವಾಂಟ್ ದಿಸ್ ಒನ್," ಎಂದು ಮಗಳು ಹಳ್ಳಿಯ ಮೇಲೆ ಬೆರಳಿಟ್ಟಳು.

"ಅಲ್ಲಿ ಹಿಮ ಇರಲ್ಲ ಪುಟ್ಟಾ."

ಹಿಮ ಇಲ್ಲದಿದ್ದರೂ ಪರವಾಗಿಲ್ಲ ಎಂದಳು. ಜರ್ಮಾಟಿಗೆ ಹೋಗಿ ಬರಲು ಎಂಟು ಗಂಟೆ ರೈಲು, ಅಮ್ಮ ಯಾವ ಗಾಡಿ ಹತ್ತಿದರೂ ನಿದ್ದೆ ಮಾಡುತ್ತಾಳೆ, ಆಮೇಲೆ ಅಮ್ಮ ಸಿಗುವುದು ಎಷ್ಟು ಹೊತ್ತು ಎಂದು ಇಂಗ್ಲಿಷಿನಲ್ಲಿ ಲೆಕ್ಕ ಒಪ್ಪಿಸಿದಳು. ಹೆಂಡತಿಯ ನಿದ್ದೆಯ ವಿಷಯ ನಿಜವೇ. ನೈವಾಶಾ ಸರೋವರಕ್ಕೆ ಹೊರಟರೆ ನಮ್ಮ ಬೀದಿ ದಾಟುವುದರೊಳಗೆ ಅವಳ ತಲೆ ಕಿಟಕಿಗೆ ಒರಗಿರುತ್ತಿತ್ತು.

"ಅಷ್ಟು ದೂರ ಹೋಗಿ ಹುಲ್ಲು ನೋಡ್ಕೊಂಡು ಬರೋದಾ? ಹುಲ್ಲು ನೋಡಕ್ಕೆ ಲಿಮುರು ಸಾಕು," ಎಂದೆ. ನಮ್ಮ ಮನೆಯಿಂದ ಲಿಮುರುವಿನ ಚಹಾ ತೋಟಗಳಿಗೆ ಮುಕ್ಕಾಲು ಗಂಟೆ. ಮಗಳು ನಗಲಿಲ್ಲ. ನಾನು ಜರ್ಮಾಟಿಗೆ ಬುಕ್ ಮಾಡಿದೆ. ಮೂವರಿಗೂ ಸೇರಿ ಒಂದೇ ಕೋಣೆ, ನಮ್ಮವರು ಎಲ್ಲಿ ಹೋದರೂ ಮಾಡುವ ಹಾಗೆ. ಮಗಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಆಗ ಏನು ಅಂದುಕೊಂಡಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಹಿಮ ಒಂದು ಸರಿಯಾಗಿ ಸಿಕ್ಕರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದುಕೊಂಡಿದ್ದೆ. ಎಲ್ಲರೂ ಖುಷಿಯಾಗಿರುತ್ತೇವೆ, ಹೆಂಡತಿ ನಮ್ಮಿಬ್ಬರನ್ನೂ ನೋಡುತ್ತಾಳೆ, ಇವರನ್ನು ಬಿಟ್ಟು ಮೂರು ವರ್ಷ ಇರಲಾರೆ ಎಂದು ಅವಳಿಗೇ ಅನ್ನಿಸುತ್ತದೆ. ನಾನು ಬಾಯಿ ಬಿಟ್ಟು ಬಾ ಎನ್ನಬೇಕಾಗಿಯೇ ಇಲ್ಲ. ಅವಳು ಬರಬೇಕು ಎಂದು ನನಗೆ ತುಂಬಾ ಇತ್ತು. ಸಂಜೆ ಬೀಗ ತೆಗೆದು ಒಳಗೆ ಬಂದಾಗ ಅವಳ ಚಪ್ಪಲಿಯ ಜಾಗ ಖಾಲಿ ಬಿಟ್ಟು ನನ್ನದನ್ನು ಪಕ್ಕಕ್ಕೆ ಬಿಡುತ್ತಿದ್ದೆ.

ನೈರೋಬಿಯದೇ ಲಂಗಾಟಾದಲ್ಲಿ ನನ್ನ ಗೆಳೆಯನೊಬ್ಬನಿದ್ದ, ಮಂಗಳೂರಿನವನು, ಟೆಲಿಕಾಂ ಕಂಪನಿಯಲ್ಲಿದ್ದ. ಅವನ ಮನೆಯ ಹಿಂದೆಯೇ ನ್ಯಾಷನಲ್ ಪಾರ್ಕಿನ ಬೇಲಿ. ಭಾನುವಾರ ಅಲ್ಲಿ ಕೂತು ಚಹಾ ಕುಡಿಯುತ್ತ ನಾನು ಹಿಮನದಿಯ ಮಹಿಮೆ ಹೇಳಿದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಪ್ಯಾಕೇಜ್ ಟೂರಿನಲ್ಲಿ ಸ್ವಿಟ್ಜರ್ಲೆಂಡ್ ನೋಡಿ ಬಂದವನು ಅವನು. ಪೂರ್ತಿ ಕೇಳಿದ.

"ಹಿಮದ್ದು ಬಿಡಿ ಮಾರಾಯ್ರೆ. ನಿಮ್ಮ ಮನೆಯವರು ವಾಪಸ್ ಬರ್ತಾರಾ ಇಲ್ವಾ, ಅದು ಹೇಳಿ."

"ಅವಳಿಷ್ಟ ಅಂದಿದೀನಿ."

"ನಿಮಗೆ ಎಂತ ಬೇಕು ಅಂತ ಹೇಳಿದ್ದೀರಾ?"

"ಅವಳಿಗೆ ಗೊತ್ತಿರುತ್ತಲ್ಲ," ಎಂದೆ.

ಅವನು ಇನ್ನೊಂದು ಲೋಟ ಚಹಾ ಬಗ್ಗಿಸಿ, ಅಲ್ಲಿ ಚಳಿ ಭಯಂಕರ, ಕಾಲಿಗೆ ಎರಡೆರಡು ಸಾಕ್ಸ್ ಹಾಕಿ ಎಂದ. ಒಳಗೆ ಅವನ ಹೆಂಡತಿ ಮಕ್ಕಳ ಜೊತೆ ಕೊಂಕಣಿಯಲ್ಲಿ ಜಗಳ ಆಡುತ್ತಿದ್ದಳು. ನನಗೆ ಸಣ್ಣಗೆ ಅಸೂಯೆಯಾಯಿತು.

ಬಟ್ಟೆಯ ಸಮಸ್ಯೆ ಸುಲಭವಾಗಿ ಬಗೆಹರಿಯಿತು. ಯುರೋಪಿನವರು ಉಟ್ಟು ಬಿಟ್ಟ ಬಟ್ಟೆ ಮೂಟೆ ಮೂಟೆಯಾಗಿ ನೈರೋಬಿಗೆ ಬರುತ್ತದೆ, ಅದನ್ನು ಮಿಟುಂಬಾ ಎನ್ನುತ್ತಾರೆ. ಆ ಸಂತೆಯಲ್ಲಿ ಹುಡುಕಿದರೆ ಏನುಂಟು ಏನಿಲ್ಲ. ಸಮಭಾಜಕ ವೃತ್ತದ ಪಕ್ಕದ ಊರಿನಲ್ಲಿ ಸ್ಕೀ ಜಾಕೆಟ್ ಯಾರಿಗೆ ಬೇಕು, ರಾಶಿ ಬಿದ್ದಿದ್ದವು. ಮಗಳು ಒಂದು ಕೆಂಪು ಜಾಕೆಟ್ ಆರಿಸಿದಳು. ಜಿಪ್ಪಿನ ತುದಿಗೆ ಯಾವುದೋ ಬೆಟ್ಟದ ಕೇಬಲ್ ಕಾರಿನ ಹಳೆ ಟಿಕೆಟ್ ಇನ್ನೂ ನೇತಾಡುತ್ತಿತ್ತು, ಅಕ್ಷರ ಅಳಿಸಿಹೋಗಿತ್ತು. ಕೀಳಬೇಡ ಎಂದಳು. ಜಾಕೆಟ್ ತವರಿಗೆ ಹೋಗ್ತಿದೆ ನೋಡು ಎಂದು ನಾನು ತಮಾಷೆ ಮಾಡಿದೆ. ನವೆಂಬರಿನ ಮಳೆ ಮುಗಿಯುವ ಹೊತ್ತಿಗೆ ವೀಸಾ ಬಂತು. ಹೊರಡುವ ಮುಂಚೆ ಕೊನೆಯ ಸಲ ಹಳ್ಳಿಯ ವೆಬ್‌ಕ್ಯಾಮ್ ನೋಡಿದೆವು. ಹಸುಗಳಿರಲಿಲ್ಲ, ಹಿಮವೂ ಇರಲಿಲ್ಲ. ನಾನು ಗೆದ್ದವನ ಮುಖ ಮಾಡಿಕೊಂಡು ಮಗಳ ಕಡೆ ತಿರುಗಿದೆ. ಅವಳು ಆಗಲೇ ಎದ್ದು ಹೋಗಿದ್ದಳು.

ಶುಕ್ರವಾರ ಜಿನೀವಾ ತಲುಪಿದೆವು. ಹೆಂಡತಿ ತೆಳ್ಳಗಾಗಿದ್ದಳು. ಕೂದಲು ಕತ್ತರಿಸಿಕೊಂಡಿದ್ದಳು, ಫೋನಿನಲ್ಲಿ ಅದು ಇಷ್ಟು ಎದ್ದು ಕಂಡಿರಲಿಲ್ಲ. ಟ್ರಾಮಿನಲ್ಲಿ ಯಾರೋ ಏನೋ ಕೇಳಿದರೆ ಫ್ರೆಂಚಿನಲ್ಲಿ ಉತ್ತರ ಕೊಟ್ಟಳು. ಮಗಳು ಅವಳ ತೋಳು ಹಿಡಿದವಳು ಬಿಡಲೇ ಇಲ್ಲ. ಶನಿವಾರ ಬೆಳಿಗ್ಗೆ ಹೆಂಡತಿಗೊಂದು ಆಫೀಸಿನ ಫೋನ್ ಬಂದು ಹೊರಡುವುದು ಸ್ವಲ್ಪ ತಡವಾಯಿತು. ನಾನು ಚಿಂತೆ ಮಾಡಲಿಲ್ಲ. ಎರಡು ಗಂಟೆಗೆ ತಲುಪಿದರೂ ಆರೂವರೆಯವರೆಗೆ ಬೆಳಕಿರುತ್ತದಲ್ಲ ಎಂದುಕೊಂಡೆ.

ನೈರೋಬಿಯಲ್ಲಿ ಎಂಟು ವರ್ಷ ಇದ್ದವನ ತಪ್ಪು ಅದು. ಅಲ್ಲಿ ಸೂರ್ಯ ಗಡಿಯಾರ ನೋಡಿಕೊಂಡವನ ಹಾಗೆ ವರ್ಷವಿಡೀ ಬೆಳಿಗ್ಗೆ ಆರೂವರೆಗೆ ಬಂದು ಸಂಜೆ ಆರೂವರೆಗೆ ಹೋಗುತ್ತಾನೆ. ಹಗಲು ಗಿಡ್ಡವಾಗುತ್ತದೆ ಎಂಬುದೇ ನನ್ನ ತಲೆಯಿಂದ ಹೋಗಿತ್ತು. ಊರುಗಳ ಎತ್ತರ, ಹಿಮದ ಆಳ, ಗಾಳಿಯ ದಿಕ್ಕು ಎಲ್ಲ ನೋಡಿದ್ದೆ. ಸಂಜೆ ಯಾವಾಗ ಆಗುತ್ತದೆ ಎಂದು ಮಾತ್ರ ನೋಡಿರಲಿಲ್ಲ.

ಹೋಗುವಾಗ ರೈಲಿನ ಪಕ್ಕದ ಜಿನೀವಾ ಸರೋವರ ಮುಗಿಯುವುದರೊಳಗೆ ಹೆಂಡತಿ ನಿದ್ದೆ ಹೋದಳು. ಮಗಳು ನನ್ನ ಮುಖ ನೋಡಿದಳು. ನಾವು ಜರ್ಮಾಟಿನಲ್ಲಿ ಇಳಿದು, ಹೋಟೆಲ್ ಹುಡುಕಿ, ಬಾಡಿಗೆಯ ಬೂಟು ತೊಟ್ಟು ಕೇಬಲ್ ಕಾರಿನ ಹತ್ತಿರ ಹೋದಾಗ ಮೇಲೆ ಹೋಗುವ ಕೊನೆಯ ಗಾಡಿ ಹೋಗಿಯಾಗಿತ್ತು. ಸೂರ್ಯ ಬೆಟ್ಟದ ಹಿಂದೆ ಸರಿದಿದ್ದ. ಊರಿನೊಳಗೆ ಚಾವಣಿಗಳ ಮೇಲೆ ಸ್ವಲ್ಪ ಹಿಮ, ಬೀದಿಯಲ್ಲಿ ಕೊಚ್ಚೆ. ನೋಡನೋಡುತ್ತ ಕತ್ತಲಾಯಿತು. "ಇಲ್ಲಿ ಹೀಗೇನೇ. ನಾಲ್ಕೂಮುಕ್ಕಾಲಿಗೆಲ್ಲ ಮುಗೀತು," ಎಂದಳು ಹೆಂಡತಿ. ಅವಳಿಗದು ಹೊಸದಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದೆ. ನೀವು ಎಲ್ಲ ನೋಡಿರ್ತೀರ ಅಂದ್ಕೊಂಡೆ ಎಂದಳು.

ಕೋಣೆಯಲ್ಲಿ ಜೊತೆಗೆ ತಂದಿದ್ದ ಸಣ್ಣ ಕರೆಂಟ್ ಕುಕ್ಕರಿನಲ್ಲಿ ಅನ್ನ ಮಾಡಿ ಪುಳಿಯೋಗರೆ ಗೊಜ್ಜು ಕಲಸಿದೆವು. ಇಡೀ ಮರದ ಕೋಣೆ ಇಂಗು ಹುಣಿಸೆಹಣ್ಣಿನ ವಾಸನೆ ಹೊಡೆಯಿತು. ಮಗಳು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಸೋಮವಾರದ ಮಾತು ಯಾರೂ ಎತ್ತಲಿಲ್ಲ. ಮಗು ಅಲ್ಲೇ ಇದೆ, ಅವಳ ಮುಂದೆ ಹೇಗೆ ಎಂದು ನಾನು ನೆಪ ಹೇಳಿಕೊಂಡೆ. ಒಂದೇ ಕೋಣೆಯ ಅನುಕೂಲ.

ಭಾನುವಾರ ಬೆಳಿಗ್ಗೆ ಮೇಲೆ ಹೋದೆವು. ನಾನು ಆರಿಸಿದ್ದು ಸುಳ್ಳಾಗಲಿಲ್ಲ. ಕಣ್ಣು ಬಿಡಲಾರದಷ್ಟು ಬಿಳಿ, ನೀಲಿ ಆಕಾಶ, ಎಲ್ಲೆಲ್ಲೂ ಹಿಮ. ಮಗಳಿಗೆ ಕಲಿಸಲು ಒಬ್ಬಳು ಟೀಚರ್ ಸಿಕ್ಕಳು. ಅವರಿಬ್ಬರೂ ಇಳಿಜಾರಿಗೆ ಹೋದ ಮೇಲೆ ನಾನೂ ಹೆಂಡತಿಯೂ ಗಾಜಿನ ಕಿಟಕಿಯ ಪಕ್ಕ, ಬೆಟ್ಟದ ಮೇಲಿನ ಹೋಟೆಲಿನ ಮೇಜಿನಲ್ಲಿ, ಬಿಸಿ ಚಾಕಲೇಟ್ ಹಿಡಿದು ಕೂತೆವು. ಹನ್ನೊಂದು ತಿಂಗಳ ನಂತರ ನಮ್ಮಿಬ್ಬರಿಗೇ ಸಿಕ್ಕ ಹೊತ್ತು ಅದು. ನಾವು ಏನು ಮಾತಾಡಿದೆವು? ಲ್ಯಾವಿಂಗ್ಟನ್ನಿನ ಮನೆಯ ಸಿಂಕ್ ಕಟ್ಟಿಕೊಂಡಿದ್ದು, ಮಗಳ ಗಣಿತದ ಮಾರ್ಕ್ಸು, ಹೆಂಡತಿಯ ತಮ್ಮನ ಹೊಸ ಮನೆ. ಒಂದು ಸಲ ಅವಳು ಲೋಟ ಕೆಳಗಿಟ್ಟು, "ರೀ, ನಾಳೆದು..." ಎಂದಳು.

"ನೋಡು ನೋಡು, ಬಿದ್ಲು. ಎದ್ಲು ನೋಡು," ಎಂದೆ ನಾನು, ಫೋನಿನಲ್ಲಿ ವಿಡಿಯೋ ಹಿಡಿಯುತ್ತ. ಅವಳೂ ಕಿಟಕಿಯ ಕಡೆ ತಿರುಗಿದಳು. ಆಮೇಲೆ ತಲೆ ನೋಯುತ್ತಿದೆ ಎಂದಳು. ಎತ್ತರಕ್ಕೆ ಹಾಗಾಗುತ್ತೆ, ನೀರು ಕುಡಿ ಎಂದೆ. ಮಗಳು ಕೆಂಪು ಜಾಕೆಟಿನಲ್ಲಿ ಬೀಳುತ್ತ ಏಳುತ್ತ ಇದ್ದಳು, ಚೆನ್ನಾಗಿಯೇ ಕಲಿಯುತ್ತಿದ್ದಳು. ಸಿಂಹ ಸಿಕ್ಕಿತು ಎಂದು ನನಗೆ ಸಮಾಧಾನವಾಗಿತ್ತು.

ವಾಪಸ್ ಬರುವಾಗ ಬೆಟ್ಟದ ಸಣ್ಣ ರೈಲಿನಿಂದ ಜಿನೀವಾದ ದೊಡ್ಡ ರೈಲಿಗೆ ಬದಲಾಯಿಸಿದೆವು. ಕಿಟಕಿಯಾಚೆ ಕತ್ತಲೆ. ಮಗಳು ಎದುರಿನ ಸೀಟಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಳು. ಹೆಂಡತಿ ಎಂದಿನಂತೆ ನಿದ್ದೆ ಹೋದಳು ಎಂದುಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ನಾಳೆ ಏನಂತ ಹೇಳ್ಲಿ?"

"ನಿನ್ನಿಷ್ಟ," ಎಂದೆ. ಒಳ್ಳೆಯ ಗಂಡ ಹೇಳಬೇಕಾದದ್ದೇ ಹೇಳುತ್ತಿದ್ದೇನೆ ಎಂಬ ನಂಬಿಕೆಯಿಂದಲೇ ಹೇಳಿದೆ.

ಅವಳು ಕಣ್ಣು ಬಿಟ್ಟಳು. ದನಿ ಏರಿಸಲಿಲ್ಲ. "ಒಂದು ಹಿಮದ ಊರು ಆರಿಸೋಕೆ ತಿಂಗಳುಗಟ್ಟಲೆ ತಲೆ ಕೆಡಿಸ್ಕೊಂಡ್ರಿ. ಇದೇ ಆಗ್ಬೇಕು, ಅದು ಬೇಡ ಅಂತ ಖಡಾಖಂಡಿತವಾಗಿ ಹೇಳಿದ್ರಿ. ಮಗು ಬೇರೆ ಊರು ಬೇಕು ಅಂದ್ರೂ ಕೇಳಲಿಲ್ಲ. ನನ್ನ ವಿಷಯ ಬಂದಾಗ ಮಾತ್ರ ನಿನ್ನಿಷ್ಟ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅವಳಿಗೆ ಮಗಳು ಹಳ್ಳಿಯ ವಿಷಯ ಹೇಳಿದ್ದಳು ಎಂದೂ ಆಗಲೇ ಗೊತ್ತಾದದ್ದು.

"ಮತ್ತೆ ನಾನು ಏನನ್ನಬೇಕಿತ್ತು?"

"ನಿಮಗೇನು ಬೇಕೋ ಅದನ್ನ."

 ಇಷ್ಟು ಸಣ್ಣ ಮಾತು ಹೇಳಲು ಇಷ್ಟು ಕಷ್ಟವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ, "ಬಂದ್ಬಿಡು. ಒಂದು ವರ್ಷ ಹೇಗೋ ತಳ್ಳಿದೆ. ಇನ್ನು ನನ್ನ ಕೈಲಿ ಆಗಲ್ಲ," ಎಂದೆ. 

ಅವಳು "ಹೂಂ" ಎಂದಳು, ನನ್ನ ಕೈ ಮೇಲೆ ಕೈಯಿಟ್ಟಳು. ನಾಲ್ಕು ಜನರ ಎದುರಿಗೆ ಅವಳು ಹಾಗೆ ಮಾಡುವವಳಲ್ಲ. ಎದುರಿನಲ್ಲಿ ಮಗಳು ಒಂದು ಕಿವಿಯ ಇಯರ್‌ಫೋನ್ ತೆಗೆದು, "ಫೈನಲಿ," ಎಂದು ಮತ್ತೆ ಸಿಕ್ಕಿಸಿಕೊಂಡಳು. ನಾವು ಮೂವರೂ ನಕ್ಕೆವು. ಜಿನೀವಾ ಬರುವವರೆಗೆ ಹೆಂಡತಿ ನಿದ್ದೆ ಮಾಡಲಿಲ್ಲ, ಮಗಳ ಕೂದಲು ಬಿಚ್ಚಿ ಜಡೆ ಹಾಕಿದಳು. ನಾನು ಕತ್ತಲೆಯ ಕಿಟಕಿ ನೋಡುತ್ತ, ಲ್ಯಾವಿಂಗ್ಟನ್ನಿನ ಬೀರುವಿನಲ್ಲಿ ಅವಳ ಭಾಗಕ್ಕೆ ನಾನು ತುರುಕಿದ್ದ ಸಾಮಾನು ಎಲ್ಲಿಗೆ ಸಾಗಿಸಬೇಕೆಂದು ಯೋಚಿಸುತ್ತಿದ್ದೆ.

ಸೋಮವಾರ ಬೆಳಿಗ್ಗೆ ಅವಳು ಆಫೀಸಿಗೆ ಹೋದಳು. ನಾವಿಬ್ಬರು ಟ್ರಾಮು, ರೈಲು ಹಿಡಿದು ವಿಮಾನ ನಿಲ್ದಾಣಕ್ಕೆ ಬಂದೆವು. ಗೇಟಿನ ಹತ್ತಿರ ಕೂತಿದ್ದಾಗ ಫೋನ್ ಬಂತು.

"ಹೇಳ್ಬಿಟ್ಟೆ ಕಣ್ರೀ," ಎಂದಳು.

"ಬರ್ತೀನಿ ಅಂತ ತಾನೇ?"

"ಇರ್ತೀನಿ ಅಂತ."

 ಅವಳು ಉಸಿರು ತೆಗೆದುಕೊಳ್ಳದೆ ಹೇಳಿದಳು. "ನಿನ್ನೆ ನೀವು ಬಾ ಅಂದಾಗ ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ. ಹದಿನಾಲ್ಕು ವರ್ಷಕ್ಕೆ ಒಂದು ಸಲ ಬಾಯಿ ಬಿಟ್ರಿ. ಅದಕ್ಕೇ ನನಗೂ ಧೈರ್ಯ ಬಂತು. ಅದು ನಿಮ್ಮಿಷ್ಟ. ನನ್ನಿಷ್ಟ ಏನು ಅಂತ ನಾನೂ ಯಾವತ್ತೂ ಹೇಳಿಲ್ಲ, ಇವತ್ತು ಹೇಳ್ತೀನಿ. ಈ ಕೆಲಸ ನನಗೆ ಇಷ್ಟ. ಈ ಊರೂ ಇಷ್ಟ. ವಾಪಸ್ ಬರೋಕೆ ಮನಸ್ಸಿಲ್ಲ. ನೀವಿಬ್ರೂ ಇಲ್ಲಿಗೆ ಬನ್ನಿ. ಕೇಳಿಸ್ತಿದ್ಯಾ?"

"ಕೇಳಿಸ್ತಿದೆ."

"ಸಿಟ್ಟಾ?"

"ಹೌದು," ಎಂದೆ. ಅದೂ ನಾನು ಅವಳಿಗೆ ಮೊದಲ ಸಲ ಹೇಳಿದ ಮಾತು. ನೈರೋಬಿಗೆ ಹೋಗಿ ಮಾತಾಡೋಣ ಎಂದು ಫೋನಿಟ್ಟೆ. ಸಿಟ್ಟಿತ್ತು, ನೋವೂ ಇತ್ತು. ಇಷ್ಟು ವರ್ಷ ನಮ್ಮಿಬ್ಬರ ಮಧ್ಯೆ ಜಗಳ ಇರಲಿಲ್ಲವಲ್ಲ, ಅದು ಆ ನಿಮ್ಮಿಷ್ಟ, ನಿನ್ನಿಷ್ಟಗಳ ಒಳಗೇ ಕೂತಿತ್ತು ಎಂದು ಆಗ ಗೊತ್ತಾಯಿತು.

ಮಗಳು ಪಕ್ಕದ ಕುರ್ಚಿಯಲ್ಲಿ ಕೆಂಪು ಜಾಕೆಟ್ ತೊಟ್ಟು ಕೂತಿದ್ದಳು. ಇಯರ್‌ಫೋನ್ ಕೈಯಲ್ಲಿತ್ತು. ನಾನು ಹೇಳುವುದಕ್ಕೆ ಮುಂಚೆಯೇ ಅವಳಿಗೆಲ್ಲ ತಿಳಿದಿತ್ತು, ಆದರೂ ಹೇಳಿದೆ. "ಅಮ್ಮ ಇಲ್ಲೇ ಇರ್ತಾಳಂತೆ. ನಾವಿಬ್ರೂ ಇಲ್ಲಿಗೇ ಬರ್ಬೇಕಂತೆ."

ಅವಳು ತಲೆಯಾಡಿಸಿದಳು. ಜನ ಎದ್ದು ಸಾಲು ನಿಲ್ಲತೊಡಗಿದರು. ಅಕ್ಟೋಬರಿನಿಂದ ನಾನು ಡಚ್ಚಿನವನನ್ನು ಕೇಳಿದ್ದೆ, ವೆಬ್‌ಕ್ಯಾಮುಗಳನ್ನು ಕೇಳಿದ್ದೆ, ವೀಸಾದವರನ್ನು ಕೇಳಿದ್ದೆ. ನಾನು ಕೇಳದಿದ್ದರೂ ಇವಳು ಒಂದು ಸಲ ಹೇಳಿದ್ದಳು, ಅದನ್ನು ನಾನು ಪಕ್ಕಕ್ಕೆ ತಳ್ಳಿದ್ದೆ.

"ನಿನಗೇನು ಇಷ್ಟ ಪುಟ್ಟಾ? ಜಿನೀವಾನಾ, ನೈರೋಬಿನಾ?"

ತಕ್ಷಣ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆಂದು ಕಾದೆ. ಅವಳು ಜಾಕೆಟಿನ ಜಿಪ್ಪಿಗೆ ನೇತಾಡುತ್ತಿದ್ದ ಹಳೆ ಟಿಕೆಟನ್ನು ಬೆರಳಿನಲ್ಲಿ ತಿರುವುತ್ತ ಕೂತಳು. ಆಮೇಲೆ, ನನ್ನ ಮುಖ ನೋಡದೆ, ಅಮ್ಮನದೇ ದನಿಯಲ್ಲಿ, ಸ್ವಚ್ಛ ಕನ್ನಡದಲ್ಲಿ ಅಂದಳು.

"ನಿಮ್ಮಿಷ್ಟ, ಅಪ್ಪ."